ಬೇರೆ ದೇಶದಿಂದ ಮಗುವನ್ನು ದತ್ತು ಪಡೆಯಲು ಕಾಯುತ್ತಿದ್ದೇವೆ. ಈ ದಿನಗಳನ್ನು ಹೇಗೆ ಕಳೆಯುವುದು?

ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯಲು ಕೂತೆ. ಫೈಲು ಕಳಿಸಿ ಹದಿನಾಲ್ಕು ತಿಂಗಳಾಯಿತು, ಏಜೆನ್ಸಿಯಿಂದ ಸುದ್ದಿಯೇ ಇಲ್ಲ, ನಿಮ್ಮ ಜೊತೆ ತರಬೇತಿಗೆ ಬಂದಿದ್ದ ಇನ್ನೊಂದು ದಂಪತಿಗೆ ಆಗಲೇ ಮಗುವಿನ ಫೋಟೊ ಬಂದಿದೆ, ನಮಗೆ ಮಾತ್ರ ಯಾಕೆ ಹೀಗೆ ಅಂತ ಕೇಳಿದ್ದೀರಿ. ಮಗುವಿನ ಕೋಣೆಯನ್ನು ಈಗಲೇ ಸಿದ್ಧ ಮಾಡಬಹುದಾ ಅಂತಲೂ ಕೇಳಿದ್ದೀರಿ.

ನಾವು ಮೂರು ವರ್ಷ ನಾಲ್ಕು ತಿಂಗಳು ಕಾದೆವು. ಮಗಳು ಮನೆಗೆ ಬಂದಾಗ ಅವಳಿಗೆ ನಾಲ್ಕು ವರ್ಷ, ಈಗ ಹನ್ನೊಂದು. ಅವಳು ಯಾವ ದೇಶದವಳು, ಯಾಕೆ ಅನಾಥಾಲಯ ಸೇರಿದಳು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳ ಕಥೆ. ಹೇಳಬೇಕಾ ಬೇಡವಾ ಅಂತ ದೊಡ್ಡವಳಾದ ಮೇಲೆ ಅವಳೇ ನೋಡಿಕೊಳ್ಳಲಿ. ನೀವೂ ಈಗಿನಿಂದಲೇ ಹೀಗೆ ಇದ್ದರೆ ಒಳ್ಳೆಯದು. ಮಗುವಿನ ಫೋಟೊ ಬಂದ ದಿನ ಖುಷಿಯಲ್ಲಿ ಎಲ್ಲರಿಗೂ ಎಲ್ಲವನ್ನೂ ಹೇಳಿಬಿಡಬೇಕು ಅನಿಸುತ್ತದೆ. ಹೇಳಿದ ಮೇಲೆ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.

ಮೊದಲು ಆ ಹೊಟ್ಟೆಕಿಚ್ಚಿನ ವಿಷಯ. ನಮ್ಮ ತರಬೇತಿಯಲ್ಲಿ ಐದು ಕುಟುಂಬಗಳಿದ್ದವು. ನಮಗಿಂತ ನಾಲ್ಕು ತಿಂಗಳು ತಡವಾಗಿ ಫೈಲು ಕಳಿಸಿದವರಿಗೆ ನಮಗಿಂತ ಮೊದಲು ಮಗು ಸಿಕ್ಕಿತು. ಅವರು ಫೋನ್ ಮಾಡಿ ಹೇಳಿದಾಗ ಸಂತೋಷ ಅಂದೆ. ಫೋನ್ ಇಟ್ಟು ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಆಮೇಲೆ ಮೂರು ವಾರ ಅವರಿಗೆ ಫೋನ್ ಮಾಡಲಿಲ್ಲ. ಕೊನೆಗೆ ಅವರೇ ಮಾಡಿ, "ನಿಮಗೆ ಕಷ್ಟ ಆಗ್ತಿದೆ ಅಂತ ಗೊತ್ತು, ಆದ್ರೂ ಮಾತು ಬಿಡಬೇಡಿ" ಅಂದರು. ಇವತ್ತಿಗೂ ನನಗೆ ಅವರಷ್ಟು ಹತ್ತಿರದವರು ಕಡಿಮೆ. ಹೊಟ್ಟೆಕಿಚ್ಚು ಬಂದರೆ ಬರಲಿ, ಅದರಿಂದ ನೀವು ಕೆಟ್ಟವರಾಗುವುದಿಲ್ಲ. ಅವರ ಜೊತೆ ಮಾತು ಮಾತ್ರ ನಿಲ್ಲಿಸಬೇಡಿ. ನಿಮ್ಮ ಅಕ್ಕತಂಗಿಯರಿಗೂ ಅರ್ಥವಾಗದ್ದು ಆ ಕುಟುಂಬಕ್ಕೆ ಅರ್ಥವಾಗುತ್ತದೆ.

ಈಗ ಏಜೆನ್ಸಿಯ ಮೌನದ ವಿಷಯಕ್ಕೆ ಬರುತ್ತೇನೆ. ನನಗೂ ತುಂಬಾ ಕೋಪ ಇತ್ತು. ಪ್ರತಿ ಸೋಮವಾರ ಏಜೆನ್ಸಿಗೆ ಫೋನ್ ಮಾಡುತ್ತಿದ್ದೆ. ಅನಾಥಾಲಯಗಳಲ್ಲಿ ಮಕ್ಕಳು ತುಂಬಿದ್ದಾರೆ, ನಮ್ಮಂಥವರು ಬಾಗಿಲಲ್ಲಿ ನಿಂತಿದ್ದೇವೆ, ನಡುವೆ ಈ ಕಾಗದಗಳು ಯಾಕೆ ಅನಿಸುತ್ತಿತ್ತು. ನಮ್ಮ ಹೋಮ್ ಸ್ಟಡಿ (ಮನೆಗೆ ಬಂದು ನಮ್ಮನ್ನು ಪರಿಶೀಲಿಸಿ ಬರೆಯುವ ವರದಿ) ಮಾಡಿದ ಸಮಾಜ ಕಾರ್ಯಕರ್ತೆ ಒಂದು ದಿನ ಹೇಳಿದರು: "ನೀವು ಇಲ್ಲಿ ಕಾಯ್ತಾ ಇರೋವಾಗ ಅಲ್ಲಿ ಯಾರೋ ಒಬ್ಬರು ಆ ಮಗುವಿನ ಅಜ್ಜಿಯನ್ನ ಹುಡುಕ್ತಾ ಇರಬಹುದು. ಅಜ್ಜಿ ಸಿಗಬಾರದು ಅಂತೀರಾ?" ನನ್ನ ಬಾಯಿ ಕಟ್ಟಿಹೋಯಿತು.

ಬೇರೆ ದೇಶದ ದತ್ತುವಿಗೆ ಇರುವ ಹೇಗ್ ಒಪ್ಪಂದ ಆದದ್ದು 1993ರ ಮೇ 29ರಂದು. ಈಗ ನೂರಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಸಾಧ್ಯವಿದ್ದರೆ ಮಗು ಹುಟ್ಟಿದ ಮನೆಯಲ್ಲೇ ಬೆಳೆಯಲಿ, ಅದಾಗದಿದ್ದರೆ ಅದೇ ದೇಶದಲ್ಲಿ ಒಂದು ಕುಟುಂಬ ಸಿಗಲಿ, ಅದೂ ಆಗದಿದ್ದರೆ ಮಾತ್ರ ಹೊರದೇಶದವರು ಎಂಬುದು ಅದರ ಬುಡ. ತಾಯಿ ಒಪ್ಪಿಗೆ ಕೊಡಬೇಕಾದರೆ ಅದು ಮಗು ಹುಟ್ಟಿದ ಮೇಲೆಯೇ ಆಗಬೇಕು, ಹೊಟ್ಟೆಯಲ್ಲಿರುವಾಗ ಬರೆಸಿಕೊಂಡದ್ದು ನಡೆಯುವುದಿಲ್ಲ. ಆ ಒಪ್ಪಿಗೆಗೆ ದುಡ್ಡು ಕೊಟ್ಟಿರಬಾರದು. ಸಂಬಂಧಿಕರ ಮಗುವಲ್ಲದಿದ್ದರೆ, ಈ ಪರಿಶೀಲನೆ ಮುಗಿಯುವ ತನಕ ನಾವು ಮಗುವಿನ ಹೆತ್ತವರನ್ನಾಗಲಿ ನೋಡಿಕೊಳ್ಳುವವರನ್ನಾಗಲಿ ಸಂಪರ್ಕಿಸುವಂತಿಲ್ಲ. ನೀವು ನೇರವಾಗಿ ಅನಾಥಾಲಯಕ್ಕೆ ಪತ್ರ ಬರೆಯಲು ಹೊರಟಿದ್ದೇವೆ ಅಂದಿದ್ದೀರಲ್ಲ, ದಯವಿಟ್ಟು ಬೇಡ.

ಈ ನಿಯಮಗಳು ಸುಮ್ನೆ ಬಂದವಲ್ಲ. ದಕ್ಷಿಣ ಕೊರಿಯಾದಿಂದ ಕೆಲವು ದಶಕಗಳಲ್ಲಿ 1,40,000ಕ್ಕೂ ಹೆಚ್ಚು ಮಕ್ಕಳು ಹೊರದೇಶಗಳಿಗೆ ಹೋದರು. ಅವರಲ್ಲಿ ಎಷ್ಟೋ ಮಂದಿ ದೊಡ್ಡವರಾಗಿ ವಾಪಸ್ ಬಂದು ತಮ್ಮ ಕಾಗದ ತೆಗೆಸಿ ನೋಡಿದರು. ಅಪ್ಪ ಅಮ್ಮ ಇದ್ದ ಮಕ್ಕಳನ್ನೂ ಅನಾಥರು ಅಂತ ಬರೆದು ಕಳಿಸಲಾಗಿತ್ತು ಎಂದು ಆ ದೇಶದ ಸತ್ಯ ಶೋಧನಾ ಆಯೋಗವೇ 2025ರ ಮಾರ್ಚ್‌ನಲ್ಲಿ ಹೇಳಿತು. ಇಂಥದ್ದೇ ದೂರುಗಳು ಜಾಸ್ತಿಯಾಗಿ ಮಧ್ಯ ಅಮೆರಿಕದ ಗ್ವಾಟೆಮಾಲಾ 2008ರ ಹೊತ್ತಿಗೆ ಹೊರದೇಶದ ದತ್ತುವಿಗೆ ಬಾಗಿಲು ಹಾಕಿತ್ತು. ನಲವತ್ತು ವರ್ಷ ಆದ ಮೇಲೆ ನಮ್ಮ ಮಗು ತನ್ನ ಫೈಲು ತೆರೆದು ನೋಡುತ್ತದೆ ಅಂದುಕೊಳ್ಳಿ. ಅದರಲ್ಲಿ ಒಂದು ಸುಳ್ಳೂ ಇರಬಾರದು ಅಲ್ವಾ?

ನಮಗೆ ಇದು ಬರೀ ಮಾತಾಗಿ ಉಳಿಯಲಿಲ್ಲ. ಎರಡನೇ ವರ್ಷದ ಕೊನೆಗೆ ನಮಗೆ ಒಂದು ಗಂಡುಮಗುವಿನ ರೆಫರಲ್ ಬಂತು, ಅಂದರೆ ಈ ಮಗುವನ್ನು ನೀವು ಒಪ್ಪುತ್ತೀರಾ ಅಂತ ಕೇಳಿ ಫೋಟೊ ಕಳಿಸಿದರು. ಹದಿನೆಂಟು ತಿಂಗಳ ಮಗು. ತಲೆ ಬೋಳಿಸಿದ್ದರು. ಕೈಯಲ್ಲಿ ಒಂದು ನೀಲಿ ಮುಚ್ಚಳ ಹಿಡಿದಿದ್ದ, ಯಾವುದೋ ಡಬ್ಬಿಯದ್ದು. ಫೋಟೊ ತೆಗೆಯುವವರು ಅದನ್ನು ಕಿತ್ತುಕೊಳ್ಳದೆ ಬಿಟ್ಟಿದ್ದರಲ್ಲ ಅಂತ ನನಗೆ ಅವರ ಮೇಲೆ ಪ್ರೀತಿ ಬಂದಿತ್ತು. ಹನ್ನೊಂದು ದಿನ ಆ ಫೋಟೊ ನಮ್ಮ ಹಾಸಿಗೆಯ ಪಕ್ಕ ಇತ್ತು. ಹನ್ನೆರಡನೇ ದಿನ ಫೋನ್ ಬಂತು. ಮಗುವಿನ ಚಿಕ್ಕಮ್ಮ ಬಂದಿದ್ದಾರೆ, ಅವರೇ ಸಾಕುತ್ತಾರಂತೆ, ರೆಫರಲ್ ವಾಪಸ್ ಪಡೆದಿದ್ದೇವೆ ಅಂದರು.

ನನ್ನ ಗಂಡ ಒಂದು ವಾರ ಮಾತಾಡಲಿಲ್ಲ. ನಾನು ಫೋಟೊವನ್ನು ಲಕೋಟೆಗೆ ಹಾಕಿ ಬೀರುವಿನಲ್ಲಿಟ್ಟೆ. ಆ ಮಗು ನಮ್ಮದಾಗಬೇಕಿತ್ತು ಅಂತ ಅತ್ತೆ. ಅವನಿಗೆ ಅವನ ಮನೆ ಸಿಕ್ಕಿತಲ್ಲ ಅಂತ ಸಮಾಧಾನವೂ ಇತ್ತು. ಒಂದು ಇನ್ನೊಂದನ್ನು ಅಳಿಸಲಿಲ್ಲ. ಸುತ್ತಲಿನವರು "ಹೋಗಲಿ ಬಿಡಿ, ನಿಮ್ಮ ಮಗು ಎಲ್ಲೋ ಇದೆ" ಅಂದಾಗ ಸಿಟ್ಟು ಬರುತ್ತಿತ್ತು. ನಿಮಗೂ ಹೀಗೆ ಆಗುತ್ತದೆ ಅಂತ ಹೇಳುತ್ತಿಲ್ಲ. ಆದರೆ ಹಾಗೇನಾದರೂ ಆದರೆ, ಅದಕ್ಕೆ ದುಃಖ ಪಡುವ ಹಕ್ಕು ನಿಮಗಿದೆ. ಫೋಟೊ ಬಂದ ಕೂಡಲೇ ಊರಿಗೆಲ್ಲ ಹಂಚಬೇಡಿ ಎಂದದ್ದಕ್ಕೆ ಇದೂ ಒಂದು ಕಾರಣ.

ಹಾಗಂತ ಎಲ್ಲ ತಡವೂ ಮಗುವಿನ ಒಳ್ಳೆಯದಕ್ಕೇ ಅಂತ ನಾನು ಹೇಳಲಾರೆ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ನೇ ಇಸವಿಯ ಸುಮಾರಿಗೆ ಶುರುವಾದ ಒಂದು ಅಧ್ಯಯನ ಇದೆ. ಅನಾಥಾಲಯಗಳಲ್ಲಿದ್ದ 136 ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಸಾಕು ಕುಟುಂಬಗಳಿಗೆ ಕಳಿಸಿ ವರ್ಷಗಟ್ಟಲೆ ಗಮನಿಸಿದರು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರು ತಡವಾಗಿ ಸೇರಿದವರಿಗಿಂತ ಒಟ್ಟಾರೆ ಚೆನ್ನಾಗಿ ಬೆಳೆದರು. ಯಾರದೋ ಮೇಜಿನ ಮೇಲೆ ಫೈಲು ಸುಮ್ನೆ ಬಿದ್ದಿದ್ದರೆ ಅದರ ಬೆಲೆ ತೆರುವುದು ಮಗು. ನಮ್ಮದು ಹನ್ನೊಂದು ವಾರ ಬಿದ್ದಿತ್ತು. ಒಂದು ಆರೋಗ್ಯ ಪ್ರಮಾಣಪತ್ರದ ಅವಧಿ ಮುಗಿದಿತ್ತು, ಯಾರೂ ನಮಗೆ ತಿಳಿಸಿರಲಿಲ್ಲ. ನಾನು ಸೋಮವಾರ ಸೋಮವಾರ ಕೇಳುತ್ತಿದ್ದ ಪ್ರಶ್ನೆಯೇ ತಪ್ಪಾಗಿತ್ತು. "ಏನಾದರೂ ಸುದ್ದಿ ಇದೆಯಾ?" ಅಂದರೆ "ಇಲ್ಲ" ಅನ್ನುವುದು ಸುಲಭ.

ಅದರ ಬದಲು ಹೀಗೆ ಕೇಳಿ. ನಮ್ಮ ಫೈಲಿನ ಅನುವಾದ ಮುಗಿಯಿತಾ? ಆ ದೇಶದಲ್ಲಿ ಯಾವ ತಾರೀಖಿಗೆ ನೋಂದಣಿ ಆಯಿತು? ಈಗ ಯಾವ ಕಚೇರಿಯಲ್ಲಿದೆ? ನಮ್ಮ ಯಾವ ಕಾಗದದ ಅವಧಿ ಮೊದಲು ಮುಗಿಯುತ್ತದೆ? ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ. ಒಂದು ನೋಟ್‌ಬುಕ್ ಇಟ್ಟು ಹೋಮ್ ಸ್ಟಡಿ, ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ವರದಿ, ಪಾಸ್‌ಪೋರ್ಟ್, ಎಲ್ಲದರ ಕೊನೆಯ ತಾರೀಖು ಬರೆದಿಡಿ. ಒಂದು ಕಾಗದ ಹೊಸದಾದರೆ ಅದರ ನೋಟರಿ, ಅಪೋಸ್ಟಿಲ್ (ಕಾಗದ ಹೊರದೇಶದಲ್ಲಿ ನಡೆಯಲು ಸರ್ಕಾರ ಹಾಕುವ ಮುದ್ರೆ), ಅನುವಾದ ಮತ್ತೆ ಮೊದಲಿಂದ ಆಗಬೇಕಾಗಬಹುದು. ಆದ್ದರಿಂದ ಅವಧಿ ಮುಗಿಯುವ ಮೂರು ತಿಂಗಳು ಮೊದಲೇ ಶುರು ಮಾಡಿ. ಯಾರಾದರೂ ಇಷ್ಟು ಕೊಟ್ಟರೆ ಬೇಗ ಮಾಡಿಸಿಕೊಡುತ್ತೇನೆ ಅಂದರೆ ಅಲ್ಲಿಂದ ಎದ್ದು ಬನ್ನಿ.

ಆ ದೇಶವೇ ದತ್ತು ನಿಲ್ಲಿಸಿಬಿಟ್ಟರೆ ಎಂಬ ಭಯ ನಿಮ್ಮ ಬರಹದಲ್ಲಿ ಕಾಣುತ್ತದೆ. ಆ ಭಯಕ್ಕೆ ಕಾರಣ ಇದೆ. ರಷ್ಯಾ 2013ರಿಂದ ಅಮೆರಿಕದವರಿಗೆ ಮಕ್ಕಳನ್ನು ಕೊಡುವುದನ್ನು ನಿಲ್ಲಿಸಿತು. ಇಥಿಯೋಪಿಯಾ 2018ರಲ್ಲಿ ನಿಲ್ಲಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಚೀನಾ, ಹತ್ತಿರದ ಸಂಬಂಧಿಕರ ಮಕ್ಕಳು, ಮಲಮಕ್ಕಳನ್ನು ಬಿಟ್ಟರೆ ಇನ್ನು ಯಾರನ್ನೂ ಕಳಿಸುವುದಿಲ್ಲ ಎಂದಿತು. ಇಂಥ ಮಗು ಅಂತ ಆಗಲೇ ಗೊತ್ತಾಗಿ, ಫೋಟೊ ಗೋಡೆಗೆ ಹಾಕಿಕೊಂಡು ವರ್ಷಗಟ್ಟಲೆ ಕಾದಿದ್ದ ಮನೆಗಳೂ ಅದರಲ್ಲಿ ಸಿಕ್ಕಿಬಿದ್ದವು. ಅಮೆರಿಕಕ್ಕೆ 2004ರಲ್ಲಿ ಸುಮಾರು 23 ಸಾವಿರ ಮಕ್ಕಳು ಹೀಗೆ ಬಂದಿದ್ದರು, 2023ರಲ್ಲಿ ಬಂದವರು 1,300ಕ್ಕಿಂತ ಕಡಿಮೆ. ಹೆದರಿಸಲು ಇದನ್ನು ಬರೆಯುತ್ತಿಲ್ಲ. ನಿಮ್ಮ ಏಜೆನ್ಸಿಯವರು ಇದನ್ನು ನಿಮ್ಮೆದುರು ಕೂತು ಹೇಳಿರಬೇಕಿತ್ತು. ಕಳೆದ ಎರಡು ವರ್ಷದಲ್ಲಿ ಆ ದೇಶದಿಂದ ನಿಜವಾಗಿ ಎಷ್ಟು ಮಕ್ಕಳು ಬಂದರು, ಯಾವ ವಯಸ್ಸಿನವರು ಬಂದರು ಅಂತ ಕೇಳಿ. ಪುಟ್ಟ, ಪೂರ್ತಿ ಆರೋಗ್ಯದ ಮಗುವೇ ಬೇಕು ಅಂತ ಬರೆದಿದ್ದರೆ ಸರದಿ ಉದ್ದವಾಗುತ್ತದೆ. ಹೀಗೆ ಕಾಯುತ್ತಿರುವ ಮಕ್ಕಳಲ್ಲಿ ಹೆಚ್ಚಿನವರು ಸ್ವಲ್ಪ ದೊಡ್ಡವರು, ಅಣ್ಣ ತಂಗಿ ಜೊತೆಗಿರುವವರು, ಇಲ್ಲವೇ ಚಿಕಿತ್ಸೆ ಬೇಕಾದವರು. ಆದರೆ ಬೇಗ ಸಿಗಲಿ ಅಂತ ಫಾರಂ ಬದಲಾಯಿಸಬೇಡಿ. ನಿಮ್ಮಿಂದ ಆಗುತ್ತದೆ ಅಂತ ಇಬ್ಬರಿಗೂ ಅನಿಸಿದರೆ ಮಾತ್ರ ಬದಲಾಯಿಸಿ. ನಾವು ಎರಡು ವರ್ಷದ ಒಳಗಿನ ಮಗು ಎಂದದ್ದನ್ನು ಐದು ವರ್ಷಕ್ಕೆ ಏರಿಸಿದ್ದು ಆರು ತಿಂಗಳು ಮಾತಾಡಿದ ಮೇಲೆ.

ಮಗುವಿನ ಫೈಲು ಬಂದಾಗ ಅದರಲ್ಲಿ ತೂಕ, ಎತ್ತರ, ತಲೆಯ ಸುತ್ತಳತೆ ಇರುತ್ತದೆ. ಒಪ್ಪಿಗೆ ಹೇಳುವ ಮೊದಲು ಅನಾಥಾಲಯದ ಮಕ್ಕಳನ್ನು ನೋಡಿ ಅನುಭವ ಇರುವ ಮಕ್ಕಳ ವೈದ್ಯರಿಗೆ ತೋರಿಸಿ. ಅಂಥ ವೈದ್ಯರನ್ನು ಈಗಲೇ ಹುಡುಕಿಟ್ಟುಕೊಳ್ಳಿ, ಉತ್ತರ ಕೊಡಲು ಆಗ ಜಾಸ್ತಿ ದಿನ ಸಿಗುವುದಿಲ್ಲ.

ಇಷ್ಟೆಲ್ಲ ಆದರೂ ಸಂಜೆಗಳು ಉಳಿಯುತ್ತವೆ. ಆ ಸಂಜೆಗಳಲ್ಲಿ ಭಾಷೆ ಕಲಿಯಿರಿ. ನಾವು ಮಾಡಿದ್ದರಲ್ಲಿ ನನಗೆ ಇವತ್ತಿಗೂ ಹೆಮ್ಮೆ ಇರುವುದು ಇದೊಂದರ ಬಗ್ಗೆ. ವ್ಯಾಕರಣ ಬಿಡಿ, ದೊಡ್ಡವರ ಮಾತೂ ಬೇಡ. ಒಂದು ಮಗು ಹೇಳುವ ಮಾತು, ಮಗುವಿಗೆ ಹೇಳುವ ಮಾತು ಅಷ್ಟೇ ಸಾಕು. ಎಲ್ಲಿ ನೋವು? ಹಸಿವಾಯ್ತಾ? ಬಾಯಾರಿಕೆಯಾ? ನಾನು ಇಲ್ಲೇ ಇದ್ದೀನಿ. ಮತ್ತೆ ಬರ್ತೀನಿ. ಆ ದೇಶದಿಂದ ಓದಲು ಬಂದಿದ್ದ ಒಬ್ಬ ಹುಡುಗಿ ನಮಗೆ ವಾರಕ್ಕೆರಡು ದಿನ ಹೇಳಿಕೊಟ್ಟಳು. ಒಂದು ಜೋಗುಳವನ್ನೂ ಕಲಿಸಿದಳು. ನನ್ನ ಉಚ್ಚಾರ ಕೊನೆಯವರೆಗೂ ಸರಿಯಾಗಲಿಲ್ಲ.

ಮಗಳು ನಮ್ಮ ಜೊತೆ ಮಲಗಿದ ಮೊದಲ ರಾತ್ರಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಇಡೀ ದಿನ ಒಂದು ಮಾತೂ ಆಡಿರಲಿಲ್ಲ. ನಾನು ಎದ್ದು ಸ್ವಿಚ್ಚಿನ ಹತ್ತಿರ ಹೋದೆ. ಹಿಂದಿನಿಂದ ಮೂರು ಪದ ಕೇಳಿಸಿತು. ಲೈಟು ಆರಿಸಬೇಡ, ದಯವಿಟ್ಟು. ನನಗೆ ಅರ್ಥವಾಯಿತು. ಕೈ ಇಳಿಸಿ, ಅವಳ ಭಾಷೆಯಲ್ಲೇ "ಆರಿಸಲ್ಲ" ಅಂದೆ. ಅವಳು ತಿರುಗಿ ನನ್ನ ಮುಖ ನೋಡಿದಳು.

ಸಿಕ್ಕಿದವರೆಲ್ಲ "ಏನಾಯ್ತು, ಇನ್ನೂ ಇಲ್ವಾ?" ಅಂತ ಕೇಳುವುದು ನಿಲ್ಲುವುದಿಲ್ಲ. "ಬಂದಾಗ ನಾವೇ ಹೇಳ್ತೀವಿ" ಅನ್ನಿ, ಮಾತು ಬದಲಿಸಿ. ಮನೆಯ ಹಿರಿಯರಿಗೆ ಮಾತ್ರ ಕೂರಿಸಿಕೊಂಡು ವಿವರವಾಗಿ ಹೇಳಿ, ಮಗು ಬಂದ ಮೇಲೆ ಅವರ ಸಹಾಯ ಬೇಕು. ಮೊದಲ ಕೆಲವು ತಿಂಗಳು ಮಗುವಿಗೆ ಉಣಿಸುವುದು, ಎತ್ತಿಕೊಳ್ಳುವುದು, ಮಲಗಿಸುವುದು ನೀವಿಬ್ಬರೇ ಆಗಿರಬೇಕು. ಪ್ರೀತಿಯಿಂದ ಕೈ ಚಾಚಿದ ಅಜ್ಜಿಗೆ ಆಗ ಬೇಡ ಅನ್ನುವುದು ಕಷ್ಟ. ಈಗಲೇ ಹೇಳಿಟ್ಟರೆ ಅವರಿಗೂ ನೋವು ಕಡಿಮೆ.

ಇನ್ನು ಕೋಣೆ. ಗೋಡೆಗೆ ಬಣ್ಣ ಹಚ್ಚಿ, ಮಂಚ ಹಾಕಿ, ಬಾಗಿಲು ತೆರೆದೇ ಇಡಿ. ನಾವು ಮುಚ್ಚಿದ ಬಾಗಿಲನ್ನು ದಾಟಿ ಓಡಾಡಿ ಸುಸ್ತಾಗಿದ್ದೆವು, ತೆರೆದ ಮೇಲೆ ಸ್ವಲ್ಪ ಹಗುರವಾಯಿತು. ಬೇಸರದ ದಿನ ನನ್ನ ಗಂಡ ಅಲ್ಲೇ ಕೂತು ಓದುತ್ತಿದ್ದರು. ಬಟ್ಟೆ ಮಾತ್ರ ಈಗ ಕೊಳ್ಳಬೇಡಿ. ಕೈಗೆ ಬರುವ ಫೋಟೊ ಎಷ್ಟೋ ತಿಂಗಳು ಹಳೆಯದಿರುತ್ತದೆ. ಅನಾಥಾಲಯದಲ್ಲಿ ಬೆಳೆದ ಮಕ್ಕಳು ವಯಸ್ಸಿಗಿಂತ ಚಿಕ್ಕದಾಗಿ ಇರುವುದೂ ಸಾಮಾನ್ಯ. ನಮ್ಮ ಮಗಳಿಗೆ ನಾಲ್ಕು ವರ್ಷವಾಗಿದ್ದರೂ ಎರಡೂವರೆ ವರ್ಷದವರ ಬಟ್ಟೆ ಆಗುತ್ತಿತ್ತು.

ಒಪ್ಪಿಗೆ ಎಲ್ಲ ಮುಗಿದ ಮೇಲೆ, ಶೂ ಕೊಳ್ಳೋಣ ಅಂತ ಏಜೆನ್ಸಿಯ ಮೂಲಕ ಅವಳ ಪಾದದ ಗುರುತು ಕೇಳಿದ್ದೆವು. ಅಲ್ಲಿಯ ಆಯಾ ಕಾಗದದ ಮೇಲೆ ಅವಳ ಕಾಲಿಟ್ಟು ಸುತ್ತ ಪೆನ್ಸಿಲ್ ಎಳೆದು ಸ್ಕ್ಯಾನ್ ಮಾಡಿ ಕಳಿಸಿದರು. ಹೆಬ್ಬೆರಳ ಹತ್ತಿರ ಗೆರೆ ಅಲುಗಾಡಿತ್ತು, ಕಚಗುಳಿ ಆಗಿರಬೇಕು. ನಾವು ಅದನ್ನು ಪ್ರಿಂಟ್ ಮಾಡಿ ಅಂಗಡಿಗೆ ಒಯ್ದೆವು. ಪ್ರಿಂಟ್‌ನಲ್ಲಿ ಗುರುತು ಸಣ್ಣದಾಗಿದ್ದು ಗೊತ್ತಾಗಲಿಲ್ಲ. ಕೆಂಪು ಶೂ ಅವಳಿಗೆ ಬಿಗಿಯಾಯಿತು. ಬೇರೆ ತಂದರೂ ಅವಳು ಇದನ್ನು ಬಿಡಲಿಲ್ಲ, ಹಿಂಭಾಗ ತುಳಿದು ಮಡಚಿ ಚಪ್ಪಲಿಯ ಹಾಗೆ ಹಾಕಿಕೊಂಡು ವಾರಗಟ್ಟಲೆ ಓಡಾಡಿದಳು. ನೀವು ಕೇಳುವಾಗ ಗುರುತಿನ ಜೊತೆ ಉದ್ದವನ್ನು ಸೆಂಟಿಮೀಟರ್‌ನಲ್ಲಿ ಬರೆದು ಕಳಿಸಲು ಹೇಳಿ.