ಹಳೆಯ ಪವರ್ ಟಿಲ್ಲರ್‌ಗೆ ಸರಿಹೊಂದುವ ಬೆಲ್ಟ್ ಯಾವುದು?

ಪ್ರಶ್ನೆ: ನಮ್ಮ ಅಡಿಕೆ ತೋಟದ ಕೆಲಸಕ್ಕೆ ಬಳಸುತ್ತಿರುವ ಪವರ್ ಟಿಲ್ಲರ್ ಹಳೆಯದು, ಬೇರೆಯವರಿಂದ ಕೊಂಡದ್ದರಿಂದ ಕೈಪಿಡಿಯೂ ಇಲ್ಲ. ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಮೂರು ಬೆಲ್ಟ್‌ಗಳಲ್ಲಿ ಒಂದು ಹರಿದಿದೆ, ಅದರ ಮೇಲಿನ ಸಂಖ್ಯೆ ಅಳಿಸಿಹೋಗಿದೆ. ಅಂಗಡಿಯವರು ಹಳೆಯ ಬೆಲ್ಟನ್ನೇ ಅಳೆದು ಕೊಟ್ಟ ಹೊಸದು ಎಷ್ಟು ಬಿಗಿಮಾಡಿದರೂ ಜಾರುತ್ತದೆ. ಸರಿಯಾದ ಅಳತೆಯನ್ನು ತಿಳಿಯುವುದು ಹೇಗೆ?
— ಸಾಗರ ತಾಲ್ಲೂಕಿನ ಓದುಗರು

ಉತ್ತರ: ಹಳೆಯ ಬೆಲ್ಟನ್ನು ಅಳೆದದ್ದೇ ಈ ತೊಂದರೆಗೆ ಕಾರಣವಿರಬೇಕು. ವರ್ಷಗಟ್ಟಲೆ ಓಡಿದ ಬೆಲ್ಟ್ ಉದ್ದದಲ್ಲಿ ಹಿಗ್ಗಿರುತ್ತದೆ, ಅಗಲದಲ್ಲಿ ಸವೆದಿರುತ್ತದೆ. ಆದ್ದರಿಂದ ಅದರ ಅಳತೆಯನ್ನೇ ನಂಬಿ ತಂದ ಹೊಸದು ಉದ್ದವಾಗಿಯೇ ಬರುತ್ತದೆ. ಎಂಜಿನ್ ಮತ್ತು ಚಾಸಿಯ ಮೇಲಿನ ಫಲಕದಲ್ಲಿ ಮಾದರಿಯ ಹೆಸರು ಓದುವಂತಿದ್ದರೆ ಮೊದಲು ಅದನ್ನು ಬರೆದುಕೊಂಡು, ಆ ಕಂಪನಿಯ ಅಧಿಕೃತ ಮಾರಾಟಗಾರರಲ್ಲಿ ಬಿಡಿಭಾಗದ ಸಂಖ್ಯೆಯನ್ನು ಕೇಳಿ. ಅದು ಸಿಗದಿದ್ದಾಗ ಬೆಲ್ಟನ್ನು ಬಿಟ್ಟು ಯಂತ್ರವನ್ನೇ ಅಳೆಯಬೇಕು.

ಮೊದಲು ಬೆಲ್ಟಿನ ವರ್ಗವನ್ನು ಗುರುತಿಸಿಕೊಳ್ಳಿ. ಸಾಮಾನ್ಯ ವಿ-ಬೆಲ್ಟ್‌ಗಳಲ್ಲಿ ಎ ವರ್ಗದ್ದು ಮೇಲ್ಭಾಗದಲ್ಲಿ 13 ಮಿ.ಮೀ. ಅಗಲ, 8 ಮಿ.ಮೀ. ದಪ್ಪ; ಬಿ ವರ್ಗದ್ದು 17 ಮಿ.ಮೀ. ಅಗಲ, 11 ಮಿ.ಮೀ. ದಪ್ಪ. ಬೆಲ್ಟ್ ಸವೆದು ಕಿರಿದಾಗುತ್ತದೆಯೇ ಹೊರತು ಅಗಲವಾಗುವುದಿಲ್ಲ. ಹಾಗಾಗಿ ನಿಮ್ಮ ಹಳೆಯ ಬೆಲ್ಟ್ 15 ಮಿ.ಮೀ. ತೋರಿಸಿದರೆ ಅದನ್ನು ಸವೆದ ಬಿ ಎಂದೇ ಎಣಿಸಿ, ಪುಲ್ಲಿಯಲ್ಲಿ ಬೆಲ್ಟ್ ಕೂರುವ ಗ್ರೂವಿನ ಬಾಯಿಯ ಅಗಲವನ್ನು ಅಳೆದು ಖಚಿತಪಡಿಸಿಕೊಳ್ಳಿ.

ಉದ್ದವನ್ನು ತಿಳಿಯಲು, ಎಂಜಿನ್ ತಣ್ಣಗಾದ ಮೇಲೆ ಅದನ್ನು ಕೂರಿಸಿರುವ ಬೋಲ್ಟ್‌ಗಳನ್ನು ಸಡಿಲಿಸಿ, ಸರಿಯುವ ಜಾಗದಲ್ಲಿ ಸಡಿಲ ತುದಿಯಿಂದ ಸುಮಾರು ಮೂರನೆಯ ಒಂದು ಭಾಗದಷ್ಟು ಮುಂದೆ ನಿಲ್ಲಿಸಿ. ಹೀಗೆ ಮಾಡಿದರೆ ಹೊಸ ಬೆಲ್ಟನ್ನು ಏರಿಸಲೂ, ಮುಂದೆ ಬಿಗಿಮಾಡಲೂ ಜಾಗ ಉಳಿಯುತ್ತದೆ. ನಂತರ ದರ್ಜಿಗಳು ಬಳಸುವ ಬಟ್ಟೆಯ ಟೇಪನ್ನು ಎರಡೂ ಪುಲ್ಲಿಗಳ ಅಂಚಿನ ಮೇಲೆ ಬಿಗಿಯಾಗಿ ಸುತ್ತಿ. ಟೆನ್ಷನ್ ಪುಲ್ಲಿ ಇದ್ದರೆ ಬೆಲ್ಟ್ ಸಾಗುವ ದಾರಿಯಲ್ಲೇ ಅದನ್ನೂ ಸೇರಿಸಿಕೊಳ್ಳಿ. ಸಿಗುವುದು ಹೊರ ಉದ್ದ, ಆದರೆ ಬೆಲ್ಟಿನ ಸಂಖ್ಯೆ ಸೂಚಿಸುವುದು ಇಂಚಿನಲ್ಲಿರುವ ಒಳ ಉದ್ದವನ್ನು. ಬಿ ವರ್ಗದಲ್ಲಿ ಇವೆರಡರ ಅಂತರ ಸುಮಾರು 69 ಮಿ.ಮೀ., ಎ ವರ್ಗದಲ್ಲಿ ಸುಮಾರು 50 ಮಿ.ಮೀ. ಉದಾಹರಣೆಗೆ, ಟೇಪಿನಲ್ಲಿ 1513 ಮಿ.ಮೀ. ಬಂದಿದ್ದರೆ 69 ಕಳೆದಾಗ 1444; ಅದನ್ನು 25.4ರಿಂದ ಭಾಗಿಸಿದರೆ 56.9, ಅಂದರೆ ಬಿ 57. ಈ ಲೆಕ್ಕವನ್ನು ಕಾಗದದಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಿ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ಹರಿದದ್ದು ಒಂದೇ ಆದರೂ ಮೂರನ್ನೂ ಒಟ್ಟಿಗೆ, ಒಂದೇ ಕಂಪನಿಯದ್ದನ್ನೇ ಬದಲಿಸಿ. ಹಿಗ್ಗಿದ ಎರಡರ ನಡುವೆ ಹೊಸದೊಂದನ್ನು ಹಾಕಿದರೆ ಭಾರವೆಲ್ಲ ಅದರ ಮೇಲೆಯೇ ಬಿದ್ದು, ಅದು ಬೇಗನೆ ಹಾಳಾಗುತ್ತದೆ. ಉಳಿತಾಯವೆಂದು ತೋರುವ ಈ ಕ್ರಮ ಕೊನೆಗೆ ಹೆಚ್ಚು ಖರ್ಚಿಗೇ ದಾರಿಯಾಗುತ್ತದೆ.

ಹೊಸ ಬೆಲ್ಟಿನ ಮೇಲ್ಮೈ ಪುಲ್ಲಿಯ ಅಂಚಿನ ಮಟ್ಟಕ್ಕೆ ನಿಲ್ಲಬೇಕು. ಅದು ಆಳಕ್ಕೆ ಇಳಿದು, ಗ್ರೂವಿನ ತಳ ಉಜ್ಜಿ ಹೊಳೆಯುತ್ತಿದ್ದರೆ ಪುಲ್ಲಿಯೇ ಸವೆದಿದೆ. ಆಗ ಯಾವ ಬೆಲ್ಟ್ ತಂದರೂ ಜಾರುತ್ತದೆ. ಎಂಜಿನ್ನಿನಿಂದ ಎಣ್ಣೆ ಸೋರುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ. ಬೆಲ್ಟನ್ನು ಸ್ಕ್ರೂಡ್ರೈವರಿನಿಂದ ಎಬ್ಬಿ ಏರಿಸಬೇಡಿ, ಒಳಗಿನ ದಾರಗಳು ತುಂಡಾಗುತ್ತವೆ. ಎರಡು ಪುಲ್ಲಿಗಳ ನಡುವೆ ಬೆಲ್ಟ್ ನೇರವಾಗಿ ಸಾಗುವ ಭಾಗ ಅರ್ಧ ಮೀಟರ್ ಇದ್ದರೆ, ಅದರ ನಡುವೆ ಒತ್ತಿದಾಗ ಸುಮಾರು 8 ಮಿ.ಮೀ. ತಗ್ಗುವಷ್ಟು ಬಿಗಿ ಸಾಕು. ಕೆಲವು ಗಂಟೆ ದುಡಿಸಿದ ಮೇಲೆ ಮತ್ತೊಮ್ಮೆ ಬಿಗಿಮಾಡಿ.

ಪ್ರಶ್ನೆ: ಕಳೆ ತೆಗೆಯುವ ನಮ್ಮ ಚಿಕ್ಕ ಯಂತ್ರದಲ್ಲಿ ಹಿಡಿಕೆ ಒತ್ತಿದಾಗ ಬೆಲ್ಟ್ ಬಿಗಿಯಾಗಿ ಚಕ್ರ ತಿರುಗುತ್ತದೆ. ಇದಕ್ಕೂ ಅದೇ ಅಳತೆಯ ಸಾಧಾರಣ ಬೆಲ್ಟ್ ಹಾಕಬಹುದೇ?
— ಪುತ್ತೂರಿನ ಓದುಗರು

ಉತ್ತರ: ಹಾಕದಿರುವುದೇ ಒಳ್ಳೆಯದು. ಇಲ್ಲಿ ಬೆಲ್ಟೇ ಕ್ಲಚ್ಚಿನ ಕೆಲಸ ಮಾಡುವುದರಿಂದ, ಹಿಡಿಕೆ ಒತ್ತಿದಾಗಲೂ ಬಿಟ್ಟಾಗಲೂ ಅದು ಪುಲ್ಲಿಯ ಮೇಲೆ ಜಾರಿ ಬಿಸಿಯಾಗುತ್ತದೆ, ಜೊತೆಗೆ ಬೆನ್ನಿನ ಕಡೆಯಿಂದಲೂ ಒತ್ತಡ ಬೀಳುತ್ತದೆ. ಇದನ್ನು ತಾಳಲೆಂದೇ ಗಟ್ಟಿಯಾದ ಬಟ್ಟೆಯ ಹೊದಿಕೆ, ಅರಾಮಿಡ್ ಎಂಬ ಗಟ್ಟಿ ಕೃತಕ ನಾರಿನ ದಾರಗಳಿರುವ ಬೆಲ್ಟ್‌ಗಳು ಬರುತ್ತವೆ. ಅಂಗಡಿಯಲ್ಲಿ ಅಳತೆಯ ಜೊತೆಗೆ ಈ ಉಪಯೋಗವನ್ನೂ ಹೇಳಿ ಕೇಳಿ. ಹಿಡಿಕೆ ಬಿಟ್ಟಾಗ ಚಕ್ರ ಪೂರ್ತಿ ನಿಲ್ಲಬೇಕು. ನಿಲ್ಲದಿದ್ದರೆ ಬೆಲ್ಟ್ ಗಿಡ್ಡವಿದೆ ಅಥವಾ ಕೇಬಲ್ ಅತಿಯಾಗಿ ಬಿಗಿಯಾಗಿದೆ. ಅದನ್ನು ಸರಿಪಡಿಸುವವರೆಗೆ ಯಂತ್ರವನ್ನು ತೋಟಕ್ಕೆ ಇಳಿಸಬೇಡಿ.