ಬರ ತಾಳಿಕೊಳ್ಳುವ ಗಿಡಗಳ ಬಗ್ಗೆ ಬರೆದವರಿಗೆ

ನಮಸ್ಕಾರ,

ಕಡಿಮೆ ನೀರಿನಲ್ಲಿ ಗಿಡಗಳು ಹೇಗೆ ಬದುಕುತ್ತವೆ ಎಂಬ ನಿಮ್ಮ ಲೇಖನ ಓದಿದೆ. ಸುತ್ತಿ ಬಳಸಿ ಹೇಳುವುದಿಲ್ಲ, ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. 14 ಗಿಡಗಳು, ಒಂದೊಂದಕ್ಕೆ ಎರಡೆರಡು ಸಾಲು. ಓದಿ ಮುಗಿಸಿದರೆ ಹೆಸರುಗಳು ಕಲಸಿಹೋಗುತ್ತವೆ, ಅಷ್ಟೇ.

ಗಿಡದ ಇಕ್ಕಟ್ಟು ಏನು ಅಂತ ನೀವು ಎಲ್ಲೂ ಹೇಳಿಲ್ಲ. ಎಲೆಯ ಸಣ್ಣ ರಂಧ್ರ ತೆರೆದರೆ ಕಾರ್ಬನ್ ಡೈಆಕ್ಸೈಡ್ ಒಳಗೆ ಬರುತ್ತದೆ, ಅದೇ ದಾರಿಯಲ್ಲಿ ನೀರು ಆವಿಯಾಗಿ ಹೊರಟುಹೋಗುತ್ತದೆ. ಮುಚ್ಚಿದರೆ ನೀರು ಉಳಿಯುತ್ತದೆ, ಆಹಾರ ತಯಾರಿ ನಿಲ್ಲುತ್ತದೆ. ಇದನ್ನು ಮೊದಲೇ ಹೇಳಿಬಿಡಿ. ಆಮೇಲೆ ಕಳ್ಳಿಗೆ ಬನ್ನಿ: ರಾತ್ರಿ ತಂಪಿನಲ್ಲಿ ರಂಧ್ರ ತೆರೆದು, ಒಳಗೆ ಬಂದ ಕಾರ್ಬನ್ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ರಂಧ್ರ ಮುಚ್ಚಿಕೊಂಡೇ ಬಿಸಿಲಿನಲ್ಲಿ ಅದನ್ನು ಬಳಸಿಕೊಳ್ಳುತ್ತದೆ. ಇಷ್ಟು ಒಳ್ಳೆಯ ವಿಷಯಕ್ಕೆ ನೀವು ಕೊಟ್ಟಿದ್ದು ಅರ್ಧ ವಾಕ್ಯ, ಮುಳ್ಳಿನ ಅಂದಕ್ಕೆ ಮಾತ್ರ ಇಡೀ ಪ್ಯಾರಾ!

ಒಂದು ತಪ್ಪೂ ಇದೆ. 'ಕಳ್ಳಿಯ ಬೇರು ಪಾತಾಳಕ್ಕೆ ಇಳಿಯುತ್ತದೆ' ಎಂದಿದ್ದೀರಿ. ನೀವೇ ಹೆಸರಿಸಿದ, ಉತ್ತರ ಅಮೆರಿಕದ ಸೊನೊರಾ ಮರುಭೂಮಿಯ ಸಗ್ವಾರೋ ಕಳ್ಳಿ ನೋಡಿ, ಅದರ ಬಹುಪಾಲು ಬೇರು ನೆಲದ ಮೇಲ್ಪದರದಲ್ಲೇ ಸುತ್ತಲೂ ಹರಡಿರುತ್ತದೆ. ಸಣ್ಣ ಮಳೆ ಬಿದ್ದರೂ ಹೀರಿಕೊಳ್ಳಬೇಕಲ್ವಾ? ನೀರು ತುಂಬಿದಂತೆ ಕಾಂಡದ ಮಡಿಕೆಗಳು ಬಿಚ್ಚಿಕೊಂಡು ಉಬ್ಬುತ್ತವೆ. ಆಳದ ಬೇರು ಬೇಕಿದ್ದರೆ ಆಫ್ರಿಕಾದ ಕಲಹಾರಿ ಮರುಭೂಮಿಯ ಶೆಫರ್ಡ್ಸ್ ಟ್ರೀ ಎಂಬ ಮರ ಇದೆ, ಅದರ ಬೇರು 68 ಮೀಟರ್ ಆಳದಲ್ಲಿ ಸಿಕ್ಕಿದೆ. ಎರಡನ್ನೂ ಪಕ್ಕಪಕ್ಕ ಇಡಿ.

ತಲೆಬರಹದಲ್ಲಿ 'ಬೇರೆ ಬೇರೆ ಹವಾಮಾನ' ಎಂದಿದ್ದೀರಿ, ಒಳಗೆ ಬರೀ ಮರುಭೂಮಿ. ಹಿಮದ ನಾಡಿನ ಪೈನ್ ಮರಕ್ಕೂ ಚಳಿಗಾಲ ಬರಗಾಲವೇ, ಯಾಕೆಂದರೆ ಮಣ್ಣಿನ ನೀರು ಹೆಪ್ಪುಗಟ್ಟಿರುತ್ತದೆ. ಸೂಜಿಯಂಥ ಎಲೆ, ಅದರ ಮೇಲಿನ ಮೇಣದ ಪದರ ಅಲ್ಲಿ ಕೆಲಸಕ್ಕೆ ಬರುತ್ತವೆ. ಕಡಲಂಚಿನ ಮ್ಯಾಂಗ್ರೋವ್ ಮರ ನೀರಲ್ಲೇ ನಿಂತಿರುತ್ತದೆ, ಆದರೆ ಉಪ್ಪಿನಿಂದಾಗಿ ಆ ನೀರನ್ನು ಹೀರುವುದೇ ಕಷ್ಟ. ಬೇಸಿಗೆ ಒಣಗಿರುವ ಮೆಡಿಟರೇನಿಯನ್ ಕಡೆಯ ಉದಾಹರಣೆಗೆ ಕಣಗಿಲೆ ತೆಗೆದುಕೊಳ್ಳಿ. ಅದರ ಎಲೆಯ ತಳಭಾಗದಲ್ಲಿ ಪುಟ್ಟ ಗುಳಿಗಳಿವೆ, ರಂಧ್ರಗಳಿರುವುದು ಆ ಗುಳಿಗಳ ಒಳಗೆ, ಸುತ್ತ ನವಿರಾದ ಕೂದಲು. ಒಣಗಾಳಿ ನೇರವಾಗಿ ತಾಕುವುದಿಲ್ಲ, ತೇವ ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತದೆ.

'ಮರ ಯೋಚಿಸಿ ಎಲೆ ಉದುರಿಸಲು ನಿರ್ಧರಿಸಿತು' ಎಂಬಂಥ ಸಾಲುಗಳನ್ನು ಸುಮ್ನೆ ತೆಗೆದುಬಿಡಿ. ಗಿಡಗಳ ಸಂಖ್ಯೆ ಐದಕ್ಕೆ ಇಳಿಸಿ, ಈ ಬದುಕಿಗೆ ಗಿಡ ಏನು ಕಳೆದುಕೊಳ್ಳುತ್ತದೆ ಎಂಬುದನ್ನೂ ಸೇರಿಸಿ. ಕಳ್ಳಿ ಅಷ್ಟು ನಿಧಾನ ಬೆಳೆಯುವುದು ಸುಮ್ಮನೆ ಅಲ್ಲ. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ.