ಎಥೆಲ್‌ವೋಲ್ಡ್‌ನನ್ನು ಖಳನಾಯಕ ಮಾಡಬೇಡಿ

ನಮಸ್ಕಾರ. ನಿಮ್ಮ ಕಥೆ ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ, ಆದರೆ ದಯವಿಟ್ಟು ಕೈಬಿಡಬೇಡಿ, ವಸ್ತು ತುಂಬಾ ಚೆನ್ನಾಗಿದೆ.

899ರಲ್ಲಿ ಇಂಗ್ಲೆಂಡಿನ ದಕ್ಷಿಣದಲ್ಲಿದ್ದ ವೆಸ್ಸೆಕ್ಸ್ ರಾಜ್ಯದ ದೊರೆ ಆಲ್ಫ್ರೆಡ್ ಸಾಯುತ್ತಾನೆ, ಮಗ ಎಡ್ವರ್ಡ್ ಪಟ್ಟಕ್ಕೆ ಬರುತ್ತಾನೆ, ಆಲ್ಫ್ರೆಡ್‌ನ ಅಣ್ಣನ ಮಗ ಎಥೆಲ್‌ವೋಲ್ಡ್ ದಂಗೆ ಎದ್ದು ಕೊನೆಗೆ ಯುದ್ಧದಲ್ಲಿ ಸಾಯುತ್ತಾನೆ. ನಿಮ್ಮ ಕಥೆ ಇಷ್ಟು. ತೊಂದರೆ ಮೊದಲ ಪುಟದಲ್ಲೇ ಇದೆ. 'ಹಿರಿಯ ಮಗನಾದ ಎಡ್ವರ್ಡನೇ ನಿಜವಾದ ವಾರಸುದಾರ' ಎಂದು ಬರೆದುಬಿಟ್ಟಿದ್ದೀರಿ. ಅಲ್ಲಿಂದ ಮುಂದೆ ಎಥೆಲ್‌ವೋಲ್ಡ್ ಏನು ಮಾಡಿದರೂ ಬರೀ ದುರಾಸೆ.

ಆ ಕಾಲದಲ್ಲಿ ಅಂಥ ನಿಯಮವೇ ಇರಲಿಲ್ಲ. ರಾಜಮನೆತನದ ಗಂಡಸು, ಅಂದರೆ ಅವರ ಮಾತಿನಲ್ಲಿ ಎಥೆಲಿಂಗ್, ಯಾರು ಬೇಕಾದರೂ ಪಟ್ಟ ಕೇಳಬಹುದಿತ್ತು. ವಯಸ್ಸು, ಬೆನ್ನಿಗೆ ಜನ, ವಿಟಾನ್ ಎಂಬ ಹಿರಿಯರ ಸಭೆಯ ಒಪ್ಪಿಗೆ, ಇವು ಯಾರಿಗಿವೆಯೋ ಅವನೇ ದೊರೆ. ಆಲ್ಫ್ರೆಡ್‌ನನ್ನೇ ನೋಡಿ. ಅಪ್ಪನ ನಂತರ ಎಥೆಲ್‌ಬಾಲ್ಡ್, ಎಥೆಲ್‌ಬರ್ಟ್, ಎಥೆಲ್ರೆಡ್ ಒಬ್ಬರಾದ ಮೇಲೆ ಒಬ್ಬರು ಆಳಿದರು, ಆಮೇಲೆ ಈ ಕೊನೆಯ ತಮ್ಮನ ಸರದಿ. 871ರಲ್ಲಿ ಡೇನರ, ಅಂದರೆ ಸಮುದ್ರ ದಾಟಿ ಬಂದ ವೈಕಿಂಗ್ ದಾಳಿಕೋರರ ಜೊತೆ ಯುದ್ಧ ನಡೆಯುತ್ತಿರುವಾಗಲೇ ಎಥೆಲ್ರೆಡ್ ಸತ್ತ, ಅವನ ಇಬ್ಬರು ಗಂಡುಮಕ್ಕಳು ಇನ್ನೂ ಚಿಕ್ಕವರು, ಹಾಗಾಗಿ ಪಟ್ಟ ತಮ್ಮನಿಗೆ ಬಂತು. ಆ ಮಕ್ಕಳಲ್ಲಿ ಒಬ್ಬ ಎಥೆಲ್‌ವೋಲ್ಡ್. ನಿಮ್ಮ ನಿಯಮ ಹಿಡಿದರೆ ಆಲ್ಫ್ರೆಡ್‌ನೇ ಪಟ್ಟ ಕಿತ್ತುಕೊಂಡವನು ಆಗುತ್ತಾನೆ, ಅಲ್ವಾ?

ಆಲ್ಫ್ರೆಡ್‌ನ ಉಯಿಲು ಇವತ್ತಿಗೂ ಉಳಿದಿದೆ. ಅಣ್ಣನ ಮಕ್ಕಳಿಗೆ ತಾನು ಮೋಸ ಮಾಡಿಲ್ಲ ಎಂದು ಅದರಲ್ಲಿ ಅವನು ಉದ್ದಕ್ಕೆ ವಿವರಿಸುತ್ತಾನೆ, ಅಣ್ಣತಮ್ಮಂದಿರ ಹಳೆಯ ಒಪ್ಪಂದವನ್ನು ಎತ್ತಿ ಹೇಳುತ್ತಾನೆ. ಯಾರೂ ಗೊಣಗದೆ ಇದ್ದಿದ್ದರೆ ಇಷ್ಟು ವಿವರಣೆ ಯಾಕೆ ಬೇಕಿತ್ತು? ಹಂಚಿಕೆಯಲ್ಲಿ ಎಥೆಲ್‌ವೋಲ್ಡ್‌ಗೆ ಸಿಕ್ಕಿದ್ದು ಗೊಡಲ್ಮಿಂಗ್, ಗಿಲ್ಡ್‌ಫರ್ಡ್, ಸ್ಟೆಯ್ನಿಂಗ್, ಬರೀ ಮೂರು ಜಮೀನು. ನಿಮ್ಮ ಕಥೆ ಶುರುವಾಗಬೇಕಾದದ್ದು ಇಲ್ಲಿ. ಎಡ್ವರ್ಡ್‌ನ ಪಟ್ಟಾಭಿಷೇಕದ ವರ್ಣನೆ ಒಂದು ಪ್ಯಾರಾ ಸಾಕು, ಅಷ್ಟು ಪುಟ ಬೇಡ.

ಇನ್ನು ದಂಗೆ ಎದ್ದ ಎಥೆಲ್‌ವೋಲ್ಡ್ ಹಿಡಿದ ವಿಂಬೋರ್ನ್. 'ಹತ್ತಿರದ ಒಂದು ಊರನ್ನು ಹಿಡಿದ' ಎಂದು ಸುಮ್ನೆ ದಾಟಿ ಹೋಗಿದ್ದೀರಿ. ಅವನ ಅಪ್ಪನ ಸಮಾಧಿ ಇರುವುದೇ ಆ ಊರಿನಲ್ಲಿ! ನಾನು ದೊರೆಯ ಮಗ ಎಂದು ಬಾಯಿಬಿಟ್ಟು ಹೇಳದೆಯೇ ಹೇಳುವ ಜಾಗ ಅದು. ಬಾಗಿಲುಗಳನ್ನೆಲ್ಲ ಮುಚ್ಚಿಸಿ, ಬದುಕಿದರೂ ಇಲ್ಲೇ ಸತ್ತರೂ ಇಲ್ಲೇ ಅಂದ. ಎಡ್ವರ್ಡ್‌ನ ಸೇನೆ ಹತ್ತಿರದ ಬ್ಯಾಡ್‌ಬರಿಯಲ್ಲಿ ಬೀಡುಬಿಟ್ಟಿತ್ತು. ಅಷ್ಟೆಲ್ಲ ಹೇಳಿದವನು ರಾತ್ರೋರಾತ್ರಿ ಕುದುರೆ ಹತ್ತಿ ಹೋಗಿಬಿಟ್ಟ. ಬಿಷಪ್ಪರ ಮಾತು ಮೀರಿ ಅವನು ಕರೆತಂದಿದ್ದ ಸನ್ಯಾಸಿನಿಯೊಬ್ಬಳು ಎಡ್ವರ್ಡ್‌ನ ಕಡೆಯವರ ಕೈಗೆ ಸಿಕ್ಕಿದಳು. ಆ ಕಾಲದ ಘಟನೆಗಳನ್ನು ವರ್ಷವಾರು ಬರೆದಿಟ್ಟ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ಅವಳ ಹೆಸರು ಕೂಡ ಹೇಳುವುದಿಲ್ಲ. ನೀವು ಅವಳನ್ನು ಪೂರ್ತಿ ಬಿಟ್ಟಿದ್ದೀರಿ, ನನಗೆ ಅದು ಬೇಜಾರಾಯಿತು. ಕಥೆಗಾರನಿಗೆ ಇಂಥ ಪಾತ್ರ ಸುಲಭಕ್ಕೆ ಸಿಗುವುದಿಲ್ಲ.

ಅಲ್ಲಿಂದ ಅವನು ಹೋದದ್ದು ಉತ್ತರದ ನಾರ್ಥಂಬ್ರಿಯಾದಲ್ಲಿದ್ದ ಡೇನರ ಬಳಿಗೆ. ಅಲ್ಲಿ ಅವನು 'ಡೇನರ ಕಾಲಿಗೆ ಬಿದ್ದ' ಎಂದಿದ್ದೀರಿ. ಡೇನರು ಅವನನ್ನು ದೊರೆ ಎಂದು ಒಪ್ಪಿಕೊಂಡರು ಎಂದು ಕ್ರಾನಿಕಲ್‌ನ ಕೆಲವು ಪ್ರತಿಗಳಲ್ಲಿದೆ, ಒಂದರಲ್ಲಿ ಆ ಮಾತೇ ಇಲ್ಲ. ನಿಮಗೆ ಸಿಕ್ಕಿರುವುದು ಗೆದ್ದವರ ಕಡೆಯವರು ಬರೆದ ದಾಖಲೆ, ಅದನ್ನು ಮರೆಯಬೇಡಿ.

ಕೊನೆಯ ದೃಶ್ಯದಲ್ಲಿ ಎಡ್ವರ್ಡ್ ತನ್ನ ಕೈಯಾರೆ ದಾಯಾದಿಯನ್ನು ಕೊಲ್ಲುತ್ತಾನೆ. ಇದನ್ನು ತೆಗೆದುಬಿಡಿ. 902ರ ಹೋಮ್ ಕಾಳಗದಲ್ಲಿ ನಡೆದದ್ದು ಇದಕ್ಕಿಂತ ಎಷ್ಟೋ ಜಾಸ್ತಿ ಗಟ್ಟಿಯಾದದ್ದು. ಡೇನರ ನಾಡಿಗೆ ನುಗ್ಗಿದ್ದ ತನ್ನ ಸೇನೆಗೆ ಹಿಂದಿರುಗಲು ಎಡ್ವರ್ಡ್ ಹೇಳಿದ್ದ. ಆ ಸೇನೆಯಲ್ಲಿದ್ದ ಕೆಂಟ್ ಸೀಮೆಯವರು ಮಾತ್ರ ಅಲ್ಲೇ ಉಳಿದರು. ಏಳು ಜನ ದೂತರನ್ನು ಕಳಿಸಿದರೂ ಅವರು ಹೊರಡಲಿಲ್ಲ. ಡೇನರು ಅವರನ್ನು ಮುತ್ತಿದರು, ರಣಭೂಮಿ ಡೇನರ ಕೈಯಲ್ಲೇ ಉಳಿಯಿತು, ಆದರೆ ಎಥೆಲ್‌ವೋಲ್ಡ್ ಸತ್ತಿದ್ದ. ಅವನ ಕಡೆಯವರು ಗೆದ್ದರು, ಅವರು ಯಾರಿಗಾಗಿ ಹೋರಾಡಿದರೋ ಅವನೇ ಇಲ್ಲ. ಆ ಏಳನೆಯ ದೂತನ ಕಣ್ಣಿನಿಂದ ಈ ದೃಶ್ಯ ಬರೆದು ನೋಡಿ, ಮತ್ತೆ ನನಗೇ ಕಳಿಸಿ.